ನಿಮ್ಮ ಜಾಲತಾಣಕ್ಕೆ ಕೊಂಡಿ ಕೊಟ್ಟವರು ಯಾರು? ಪತ್ತೆ ಹಚ್ಚುವ ಬಗೆ

ಒಂದು ಜಾಲತಾಣದಿಂದ ಇನ್ನೊಂದಕ್ಕೆ ಕೊಂಡಿ (ಲಿಂಕ್) ಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ. ಹಾಗೆ ಹಾಕಿದ ಸುದ್ದಿಯನ್ನು ಆ ಇನ್ನೊಂದು ತಾಣಕ್ಕೆ ಮುಟ್ಟಿಸುವ ಏರ್ಪಾಡು ವೆಬ್‌ನ ಮೂಲ ರಚನೆಯಲ್ಲೇ ಇಲ್ಲ. ಟೆಡ್ ನೆಲ್ಸನ್ 1960ರ ದಶಕದಲ್ಲಿ ಕಲ್ಪಿಸಿಕೊಂಡಿದ್ದ, ಬರಹಗಳನ್ನು ಕೊಂಡಿಗಳಿಂದ ಹೆಣೆಯುವ ಕ್ಸನಡು ಯೋಜನೆಯಲ್ಲಿ ಕೊಂಡಿಗಳು ಎರಡೂ ತುದಿಯವರಿಗೆ ಕಾಣಬೇಕೆಂಬ ಆಶಯವಿತ್ತು. ಟಿಮ್ ಬರ್ನರ್ಸ್-ಲೀ 1989ರಲ್ಲಿ ಮುಂದಿಟ್ಟ ಪ್ರಸ್ತಾಪದಿಂದ ಬೆಳೆದ ವೆಬ್ ಮಾತ್ರ ಒಮ್ಮುಖ ಕೊಂಡಿಯನ್ನೇ ನೆಚ್ಚಿಕೊಂಡಿತು. ವೆಬ್ ಅಷ್ಟು ಬೇಗ ಹರಡಿದ್ದಕ್ಕೆ ಈ ಸರಳತೆಯೂ ಒಂದು ಕಾರಣ. ಅದರ ಬೆಲೆಯನ್ನು ತೆರುತ್ತಿರುವವರು ತಾಣದ ಒಡೆಯರು: ತಮ್ಮ ಪುಟದತ್ತ ಬೆರಳು ತೋರಿಸುತ್ತಿರುವವರು ಯಾರೆಂಬುದು ಅವರಿಗೆ ತಾನಾಗಿ ತಿಳಿಯುವುದಿಲ್ಲ.

ಆದ್ದರಿಂದ ಈ ಕೆಲಸಕ್ಕೆ ಇಳಿಯುವ ಮೊದಲೇ ಒಂದು ವಿಷಯವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಪೂರ್ಣ ಪಟ್ಟಿ ಎಂಬುದು ಎಲ್ಲಿಯೂ ಇಲ್ಲ. ಇರುವುದು ಸಾಕ್ಷಿಗಳು ಮಾತ್ರ, ಮತ್ತು ಅವು ಮುಖ್ಯವಾಗಿ ಎರಡು ಬಗೆಯವು. ವೆಬ್ ಪುಟಗಳನ್ನು ಒಂದೊಂದಾಗಿ ಓದುತ್ತ ಸಾಗುವ ಕ್ರಾಲರ್‌ಗಳು ಕೊಂಡಿಯನ್ನು ಕಂಡಿರುತ್ತವೆ, ಆದರೆ ಅದನ್ನು ಒತ್ತಿ ಯಾರಾದರೂ ನಿಮ್ಮಲ್ಲಿಗೆ ಬಂದರೇ ಎಂಬುದು ಅವುಗಳಿಗೆ ಗೊತ್ತಿಲ್ಲ. ನಿಮ್ಮ ತಾಣವನ್ನು ಇಟ್ಟಿರುವ ಕಂಪ್ಯೂಟರ್, ಅಂದರೆ ನಿಮ್ಮದೇ ಸರ್ವರ್‌ಗೆ ಬಂದವರು ಗೊತ್ತು, ಆದರೆ ಯಾರೂ ಒತ್ತದೆ ಉಳಿದ ಕೊಂಡಿಯ ಸುಳಿವು ಅದಕ್ಕೆ ಎಂದೂ ಸಿಗುವುದಿಲ್ಲ. ಯಾವುದೇ ಪಟ್ಟಿ ಕೈಗೆ ಬಂದಾಗ ಅದು ಯಾವ ಸಾಕ್ಷಿಯ ಹೇಳಿಕೆ, ಆ ಸಾಕ್ಷಿಗೆ ಎಷ್ಟು ಕಂಡಿರಲು ಸಾಧ್ಯ ಎಂದು ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲಿಯೇ ಪರಿಹಾರವಾಗುತ್ತದೆ.

ಹಳೆಯ ಸಲಹೆಯೊಂದನ್ನು ಮೊದಲೇ ಬದಿಗಿಡೋಣ. ಗೂಗಲ್ ಹುಡುಕಾಟದ ಪೆಟ್ಟಿಗೆಯಲ್ಲಿ ‘ಲಿಂಕ್’ ಎಂಬ ಇಂಗ್ಲಿಷ್ ಪದ, ಅದರ ಮುಂದೆ ಎರಡು ಚುಕ್ಕಿ, ಬಳಿಕ ತಾಣದ ವಿಳಾಸ ಬರೆದರೆ ಕೊಂಡಿ ಕೊಟ್ಟವರ ಪಟ್ಟಿ ಬರುತ್ತದೆ ಎಂದು ಇಂದಿಗೂ ಹಲವರು ಹೇಳುವುದುಂಟು. ಆ ಸೌಲಭ್ಯ ಚೆನ್ನಾಗಿದ್ದ ಕಾಲದಲ್ಲಿಯೂ ಒಂದು ಮಾದರಿಯನ್ನಷ್ಟೇ ತೋರಿಸುತ್ತಿತ್ತು. 2017ರ ಹೊತ್ತಿಗೆ ಗೂಗಲ್ ಅದನ್ನು ಕೈಬಿಟ್ಟಿತು. ಇದೇ ಕೆಲಸಕ್ಕೆ ಹೆಸರಾಗಿದ್ದ ಯಾಹೂ ಸೈಟ್ ಎಕ್ಸ್‌ಪ್ಲೋರರ್ 2011ರ ನವೆಂಬರ್‌ನಲ್ಲಿಯೇ ಮುಚ್ಚಿತು.

ಸರ್ಚ್ ಕನ್ಸೋಲ್‌ನಿಂದ ಆರಂಭಿಸುವುದು

ಮೊದಲು ಹೋಗಬೇಕಾದದ್ದು ಗೂಗಲ್ ಸರ್ಚ್ ಕನ್ಸೋಲ್‌ಗೆ. ಇದು ಉಚಿತ, ಮತ್ತು ಇದರಲ್ಲಿ ಕಾಣುವುದು ಗೂಗಲ್ ತಾನೇ ಕಂಡ ಕೊಂಡಿಗಳು. 2015ಕ್ಕೆ ಮೊದಲು ಇದಕ್ಕೆ ವೆಬ್‌ಮಾಸ್ಟರ್ ಟೂಲ್ಸ್ ಎಂಬ ಹೆಸರಿತ್ತು. ಒಳಗೆ ಹೋಗಲು ಗೂಗಲ್ ಖಾತೆ ಬೇಕು, ಜೊತೆಗೆ ತಾಣ ನಿಮ್ಮದೇ ಎಂದು ರುಜುವಾತು ಮಾಡಬೇಕು. ತಾಣವನ್ನು ಸೇರಿಸುವಾಗ ‘ಡೊಮೈನ್’ ಮತ್ತು ‘ಯುಆರ್‌ಎಲ್ ಪ್ರಿಫಿಕ್ಸ್’ ಎಂಬ ಎರಡು ಆಯ್ಕೆಗಳು ಕಾಣುತ್ತವೆ. ಎರಡನೆಯದು ಸುಲಭ: ಒಂದು ಫೈಲನ್ನು ಸರ್ವರ್‌ಗೆ ಏರಿಸಿದರೆ ಅಥವಾ ಮುಖಪುಟದ ಎಚ್‌ಟಿಎಂಎಲ್‌ನಲ್ಲಿ ಒಂದು ಟ್ಯಾಗ್ ಸೇರಿಸಿದರೆ ಸಾಕು. ಆದರೆ ಅದು ನೀವು ಕೊಟ್ಟ ವಿಳಾಸದ ರೂಪವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಎಚ್‌ಟಿಟಿಪಿಎಸ್ ರೂಪವನ್ನು ಸೇರಿಸಿದವರಿಗೆ ಹಳೆಯ ಎಚ್‌ಟಿಟಿಪಿ ರೂಪಕ್ಕೆ ಇರುವ ಕೊಂಡಿಗಳ ಚಿತ್ರ ಸರಿಯಾಗಿ ಸಿಗುವುದಿಲ್ಲ. ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವ ಮತ್ತು ಇಲ್ಲದ ವಿಳಾಸಗಳ ಕಥೆಯೂ ಅದೇ. ಡೊಮೈನ್ ಆಯ್ಕೆ ಇವೆಲ್ಲವನ್ನೂ, ಉಪಡೊಮೈನ್‌ಗಳನ್ನೂ ಸೇರಿಸಿಕೊಳ್ಳುತ್ತದೆ. ಅದಕ್ಕೆ ಡೊಮೈನ್ ಕೊಂಡ ಕಡೆಯ ಡಿಎನ್‌ಎಸ್ (ಡೊಮೈನ್ ಹೆಸರನ್ನು ಸರ್ವರ್‌ಗೆ ಜೋಡಿಸುವ ಏರ್ಪಾಡು) ಸೆಟ್ಟಿಂಗ್‌ಗೆ ಹೋಗಿ, ಗೂಗಲ್ ಕೊಡುವ ಅಕ್ಷರಸಾಲನ್ನು ಟಿಎಕ್ಸ್‌ಟಿ ದಾಖಲೆಯಾಗಿ ಸೇರಿಸಬೇಕು. ಕೆಲಸ ಹತ್ತು ನಿಮಿಷದ್ದು. ಕೊಂಡಿಗಳನ್ನು ಹುಡುಕುವುದೇ ಉದ್ದೇಶವಾಗಿದ್ದರೆ ಈ ದಾರಿಯನ್ನೇ ಹಿಡಿಯುವುದು ಒಳ್ಳೆಯದು. ಹೊಸದಾಗಿ ಸೇರಿಸಿದ ತಾಣಕ್ಕೆ ಮಾಹಿತಿ ತುಂಬಿಕೊಳ್ಳಲು ಕೆಲವು ದಿನ ಹಿಡಿಯುವುದರಿಂದ ಮೊದಲ ದಿನವೇ ಖಾಲಿ ಪುಟ ಕಂಡು ನಿರಾಶರಾಗಬೇಕಿಲ್ಲ.

ಎಡಬದಿಯ ಪಟ್ಟಿಯಲ್ಲಿ ಕೆಳಗಡೆ ‘ಲಿಂಕ್ಸ್’ ಎಂಬುದು ಇರುತ್ತದೆ. ಅದನ್ನು ತೆರೆದರೆ ಹೊರಗಿನ ಕೊಂಡಿಗಳನ್ನು ಮೂರು ಬಗೆಯಲ್ಲಿ ವಿಂಗಡಿಸಿ ತೋರಿಸಿರುತ್ತಾರೆ: ನಿಮ್ಮ ಯಾವ ಪುಟಗಳಿಗೆ ಹೆಚ್ಚು ಕೊಂಡಿಗಳಿವೆ, ಯಾವ ತಾಣಗಳು ಹೆಚ್ಚು ಕೊಂಡಿ ಕೊಟ್ಟಿವೆ, ಕೊಂಡಿ ಕೊಡುವಾಗ ಅವರು ಬಳಸಿದ ಪದಗಳು ಯಾವುವು. ಅದೇ ಪುಟದಲ್ಲಿ ಒಳಕೊಂಡಿಗಳ ಪಟ್ಟಿಯೂ ಇದೆ. ಅದು ನಿಮ್ಮದೇ ಪುಟಗಳು ಪರಸ್ಪರ ಕೊಟ್ಟುಕೊಂಡ ಕೊಂಡಿಗಳ ಲೆಕ್ಕವಾದ್ದರಿಂದ ಇಲ್ಲಿ ಬೇಕಿಲ್ಲ. ಹೆಚ್ಚಿನವರು ತಾಣಗಳ ಪಟ್ಟಿಯನ್ನು ನೋಡಿ ಅಷ್ಟಕ್ಕೇ ನಿಲ್ಲಿಸುತ್ತಾರೆ. ನನ್ನ ಅನುಭವದಲ್ಲಿ ಪುಟಗಳ ಪಟ್ಟಿಯಿಂದ ಹೊರಡುವುದೇ ಹೆಚ್ಚು ಫಲ ಕೊಡುತ್ತದೆ. ಒಂದು ಪುಟದ ಮೇಲೆ ಒತ್ತಿದರೆ ಆ ಪುಟಕ್ಕೆ ಕೊಂಡಿ ಕೊಟ್ಟ ತಾಣಗಳು ಬರುತ್ತವೆ, ತಾಣದ ಮೇಲೆ ಒತ್ತಿದರೆ ಕೊಂಡಿ ಇರುವ ಪುಟದ ವಿಳಾಸವೇ ಬರುತ್ತದೆ. ಹೀಗೆ ಎರಡು ಮೆಟ್ಟಿಲು ಇಳಿದಾಗ ‘ಯಾರು’ ಎಂಬುದರ ಜೊತೆಗೆ ‘ಯಾವುದಕ್ಕೆ’ ಎಂಬುದೂ ಸ್ಪಷ್ಟವಾಗುತ್ತದೆ.

ಪುಟದ ಮೇಲ್ಭಾಗದಲ್ಲಿ ಹೊರಗಿನ ಕೊಂಡಿಗಳನ್ನು ಇಳಿಸಿಕೊಳ್ಳುವ ಗುಂಡಿಯಿದೆ. ಅದರಲ್ಲಿ ‘ಲೇಟೆಸ್ಟ್ ಲಿಂಕ್ಸ್’ ಮತ್ತು ‘ಮೋರ್ ಸ್ಯಾಂಪಲ್ ಲಿಂಕ್ಸ್’ ಎಂಬ ಎರಡು ಪಟ್ಟಿಗಳು ದೊರೆಯುತ್ತವೆ. ಪರದೆಯ ಮೇಲಿನ ಕೋಷ್ಟಕ 1,000 ಸಾಲುಗಳಿಗೆ ನಿಂತುಬಿಡುವುದರಿಂದ ದೊಡ್ಡ ತಾಣ ನಡೆಸುವವರು ಈ ಪಟ್ಟಿಗಳನ್ನು ಇಳಿಸಿಕೊಳ್ಳಲೇಬೇಕು. ಲೇಟೆಸ್ಟ್ ಲಿಂಕ್ಸ್ ಪಟ್ಟಿಯಲ್ಲಿ ಪ್ರತಿ ಪುಟದ ಎದುರು ಒಂದು ದಿನಾಂಕವಿರುತ್ತದೆ. ಅದು ಗೂಗಲ್ ಆ ಪುಟವನ್ನು ಕಡೆಯ ಬಾರಿ ಓದಿದ ದಿನ. ಕೊಂಡಿ ಹುಟ್ಟಿದ ದಿನವೆಂದು ತಿಳಿದು ಲೆಕ್ಕ ಹಾಕಿದರೆ ತಪ್ಪಾಗುತ್ತದೆ. ಸ್ಯಾಂಪಲ್ ಎಂಬ ಪದವನ್ನೂ ಗಮನಿಸಬೇಕು, ಏಕೆಂದರೆ ಗೂಗಲ್ ತನಗೆ ಗೊತ್ತಿರುವುದನ್ನೆಲ್ಲ ಇಲ್ಲಿ ಸುರಿಯುವುದಿಲ್ಲ.

ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್‌ನಲ್ಲಿಯೂ ‘ಬ್ಯಾಕ್‌ಲಿಂಕ್ಸ್’ ಎಂಬ ವಿಭಾಗವಿದೆ. ಸರ್ಚ್ ಕನ್ಸೋಲ್‌ನಲ್ಲಿ ರುಜುವಾತಾದ ತಾಣವನ್ನು ಅಲ್ಲಿಂದಲೇ ಆಮದು ಮಾಡಿಕೊಳ್ಳಬಹುದಾದ್ದರಿಂದ ಎರಡನೆಯ ಬಾರಿ ಡಿಎನ್‌ಎಸ್ ಮುಟ್ಟುವ ತೊಂದರೆ ಇಲ್ಲ. ಬಿಂಗ್‌ನ ಕ್ರಾಲರ್ ಬೇರೆ, ಅದು ನಡೆದ ದಾರಿ ಬೇರೆ. ಗೂಗಲ್ ಪಟ್ಟಿಯಲ್ಲಿ ಇಲ್ಲದ ಕೆಲವು ಹೆಸರುಗಳು ಇಲ್ಲಿ ಸಿಗುತ್ತವೆ. ಇನ್ನೊಂದು ತಾಣದ ಕೊಂಡಿಗಳೊಡನೆ ನಿಮ್ಮವನ್ನು ಹೋಲಿಸಿ ನೋಡುವ ಅನುಕೂಲವೂ ಇದರಲ್ಲಿದೆ.

ಅಹ್ರೆಫ್ಸ್, ಮಜೆಸ್ಟಿಕ್, ಮಾಜ್, ಸೆಮ್‌ರಶ್ ಮುಂತಾದವು ತಮ್ಮದೇ ಕ್ರಾಲರ್‌ಗಳಿಂದ ಕೊಂಡಿಗಳ ಭಂಡಾರ ಕಟ್ಟಿಕೊಂಡಿರುವ ವ್ಯಾಪಾರಿ ಸೇವೆಗಳು. ಪೂರ್ತಿ ಬಳಕೆಗೆ ಚಂದಾ ಕೊಡಬೇಕಾದರೂ, ತಾಣ ತನ್ನದೇ ಎಂದು ತೋರಿಸಿದವರಿಗೆ ಅಹ್ರೆಫ್ಸ್ ತನ್ನ ವೆಬ್‌ಮಾಸ್ಟರ್ ಟೂಲ್ಸ್ ಮೂಲಕ ಆ ತಾಣದ ಕೊಂಡಿಗಳನ್ನು ಉಚಿತವಾಗಿ ತೋರಿಸುತ್ತದೆ. ಮಜೆಸ್ಟಿಕ್‌ನಲ್ಲಿ ತಾಜಾ ಸೂಚಿ, ಚಾರಿತ್ರಿಕ ಸೂಚಿ ಎಂಬ ಎರಡು ಭಂಡಾರಗಳಿರುವುದರಿಂದ ಹಳೆಯ ತಾಣದ ಪೂರ್ವಚರಿತ್ರೆ ಕೆದಕುವವರಿಗೆ ಅದು ಉಪಯೋಗಕ್ಕೆ ಬರುತ್ತದೆ. ಈ ಸೇವೆಗಳು ಕೊಡುವ ‘ಅಥಾರಿಟಿ’ ಮತ್ತಿತರ ಅಂಕಗಳು ಆಯಾ ಸಂಸ್ಥೆಯವರ ಸ್ವಂತ ಲೆಕ್ಕಾಚಾರ. ಒಂದರ 40ನ್ನು ಇನ್ನೊಂದರ 40ರ ಜೊತೆ ಇಟ್ಟು ತೂಗುವುದರಲ್ಲಿ ಅರ್ಥವಿಲ್ಲ.

ಸರ್ವರ್‌ನ ಲಾಗ್ ಹೇಳುವ ಕಥೆ

ಕ್ರಾಲರ್‌ಗಳ ಪಟ್ಟಿಗೆ ಬಾರದ ಕೊಂಡಿಗಳೂ ಉಂಟು. ಲಾಗಿನ್ ಆದವರಿಗಷ್ಟೇ ಕಾಣುವ ಪಾಠದ ಪುಟ, ಸಂಸ್ಥೆಯೊಂದರ ಒಳಜಾಲ, ಕ್ರಾಲರ್‌ಗಳಿಗೆ ಪ್ರವೇಶ ನಿಷೇಧಿಸಿದ ತಾಣ ಇಂಥ ಕಡೆ ಇರುವ ಕೊಂಡಿ ಗೂಗಲ್‌ಗೂ ಕಾಣದು, ಬಿಂಗ್‌ಗೂ ಕಾಣದು. ಅಲ್ಲಿಂದ ಒಬ್ಬರಾದರೂ ಕೊಂಡಿ ಒತ್ತಿ ಬಂದಿದ್ದರೆ ಬಂದುಹೋದವರನ್ನು ಸಾಲುಸಾಲಾಗಿ ಬರೆದಿಡುವ ನಿಮ್ಮ ಸರ್ವರ್‌ನ ಲಾಗ್‌ನಲ್ಲಿ ಅದರ ಹೆಜ್ಜೆ ಗುರುತು ಉಳಿದಿರಬಹುದು. ಬ್ರೌಸರ್ ಒಂದು ಪುಟವನ್ನು ಕೇಳುವಾಗ, ಯಾವ ಪುಟದಿಂದ ಬಂದೆ ಎಂಬುದನ್ನು ‘ರೆಫರರ್’ ಎಂಬ ತಲೆಸಾಲಿನಲ್ಲಿ ತಿಳಿಸುತ್ತದೆ. ಈ ತಲೆಸಾಲಿನ ಇಂಗ್ಲಿಷ್ ಕಾಗುಣಿತವೇ ತಪ್ಪು: ನಡುವೆ ಎರಡು ಬಾರಿ ಬರಬೇಕಾದ ‘ಆರ್’ ಅಕ್ಷರ ಒಂದೇ ಬಾರಿ ಬಂದಿದೆ. ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ಕ್ರಮವಾದ ಎಚ್‌ಟಿಟಿಪಿಯ 1996ರ ದಾಖಲೆಯಲ್ಲಿ ಹಾಗೆಯೇ ಅಚ್ಚಾಗಿ, ಅದೇ ರೂಢಿಯಾಯಿತು. ಸರ್ವರ್‌ನ ಸೆಟ್ಟಿಂಗ್‌ಗಳಲ್ಲಿ ಸರಿಯಾದ ಕಾಗುಣಿತ ಬರೆದು ಹುಡುಕಿದರೆ ಏನೂ ಸಿಗದಿರುವುದು ಇದೇ ಕಾರಣಕ್ಕೆ.

ಹೋಸ್ಟಿಂಗ್‌ನ ನಿಯಂತ್ರಣ ಫಲಕದಲ್ಲಿ ಸಾಮಾನ್ಯವಾಗಿ ‘ರಾ ಆ್ಯಕ್ಸೆಸ್ ಲಾಗ್’ ಎಂಬ ಹೆಸರಿನಲ್ಲಿ ಈ ಫೈಲ್ ಇಳಿಸಿಕೊಳ್ಳಲು ಸಿಗುತ್ತದೆ. ಅಪಾಚೆ ಎಂಬ ಸರ್ವರ್ ತಂತ್ರಾಂಶದ ‘ಕಂಬೈನ್ಡ್’ ಮಾದರಿಯ ಲಾಗ್‌ನ ಒಂದು ಸಾಲನ್ನು ಎಡದಿಂದ ಓದುತ್ತ ಹೋಗಿ. ಮೊದಲಿಗೆ ಬಂದವರ ಐಪಿ ವಿಳಾಸ, ಚೌಕಾವರಣದೊಳಗೆ ದಿನಾಂಕ ಮತ್ತು ವೇಳೆ, ಉದ್ಧರಣ ಚಿಹ್ನೆಗಳ ನಡುವೆ ಅವರು ಕೇಳಿದ ಪುಟ, ಬಳಿಕ 200 (ಪುಟ ಸಿಕ್ಕಿತು) ಅಥವಾ 404 (ಪುಟ ಸಿಗಲಿಲ್ಲ) ಎಂಬಂಥ ಮೂರಂಕಿಯ ಸ್ಥಿತಿಸೂಚಿ, ಕಳಿಸಿದ ಬೈಟ್‌ಗಳ ಸಂಖ್ಯೆ, ಮತ್ತೆ ಉದ್ಧರಣ ಚಿಹ್ನೆಗಳ ನಡುವೆ ರೆಫರರ್ ವಿಳಾಸ, ಕೊನೆಯಲ್ಲಿ ಬ್ರೌಸರ್‌ನ ಹೆಸರು. ರೆಫರರ್ ಇರಬೇಕಾದ ಜಾಗದಲ್ಲಿ ಬರೀ ಅಡ್ಡಗೆರೆ ಇದ್ದರೆ ಎಲ್ಲಿಂದ ಬಂದರೆಂಬುದು ತಿಳಿದಿಲ್ಲ ಎಂದರ್ಥ. ಲಿನಕ್ಸ್‌ನ ಆದೇಶಗಳು ಕೈಗೆ ಒಗ್ಗಿರುವವರು ‘ಆಕ್’ ಆದೇಶಕ್ಕೆ ಜೋಡಿ ಉದ್ಧರಣ ಚಿಹ್ನೆಯನ್ನೇ ವಿಭಾಜಕವಾಗಿ ಕೊಟ್ಟು, ಪ್ರತಿ ಸಾಲಿನ ನಾಲ್ಕನೆಯ ತುಂಡನ್ನು ಹೊರತೆಗೆದು, ಅದನ್ನು ‘ಸಾರ್ಟ್’ ಮಾಡಿ, ‘ಯುನೀಕ್’ ಆದೇಶದಿಂದ ಎಣಿಸಿದರೆ ಯಾವ ಪುಟದಿಂದ ಎಷ್ಟು ಸಲ ಬಂದಿದ್ದಾರೆ ಎಂಬ ಪಟ್ಟಿ ಕ್ಷಣದಲ್ಲಿ ಸಿದ್ಧ. ಸಾರ್ಟ್ ಮೊದಲು, ಯುನೀಕ್ ಆಮೇಲೆ. ಯುನೀಕ್ ಒತ್ತಟ್ಟಿಗೆ ಇರುವ ಸಾಲುಗಳನ್ನಷ್ಟೇ ಒಂದುಗೂಡಿಸುವುದರಿಂದ ಈ ಕ್ರಮ ತಪ್ಪಿದರೆ ಎಣಿಕೆ ಕೆಡುತ್ತದೆ. ಆದೇಶಗಳ ಅಭ್ಯಾಸವಿಲ್ಲದವರು ಫೈಲನ್ನು ಸ್ಪ್ರೆಡ್‌ಶೀಟ್‌ನಲ್ಲಿ ತೆರೆದು ರೆಫರರ್ ಕಂಬವನ್ನು ಅಕಾರಾದಿಯಾಗಿ ಜೋಡಿಸಿಯೂ ಇದೇ ಫಲ ಪಡೆಯಬಹುದು. ಲಾಗ್ ಸಿಗದವರಿಗೆ ಗೂಗಲ್ ಅನಲಿಟಿಕ್ಸ್‌ನಲ್ಲಿ ‘ರೆಫರಲ್’ ಎಂದು ಗುರುತಾದ ಭೇಟಿಗಳ ಮೂಲಗಳು ಕಾಣುತ್ತವೆ.

ಈ ಸಾಕ್ಷಿಯ ಮಿತಿಗಳೂ ಸಣ್ಣವಲ್ಲ. 2020ರಲ್ಲಿ ಕ್ರೋಮ್, 2021ರಲ್ಲಿ ಫೈರ್‌ಫಾಕ್ಸ್ ತಮ್ಮ ಪೂರ್ವನಿಯೋಜಿತ ನೀತಿಯನ್ನು ಬಿಗಿಗೊಳಿಸಿದ ಮೇಲೆ, ಬೇರೆ ತಾಣಕ್ಕೆ ಹೋಗುವಾಗ ಬ್ರೌಸರ್ ಪುಟದ ಪೂರ್ತಿ ವಿಳಾಸ ಕೊಡುವುದಿಲ್ಲ, ತಾಣದ ಹೆಸರನ್ನಷ್ಟೇ ಕೊಡುತ್ತದೆ. ಬಂದವರು ಯಾವ ಮನೆಯವರೆಂದು ತಿಳಿಯುತ್ತದೆ, ಯಾವ ಕೋಣೆಯಿಂದ ಹೊರಟರೆಂದು ತಿಳಿಯುವುದಿಲ್ಲ. ಇಮೇಲ್‌ನಿಂದ ಅಥವಾ ಮೊಬೈಲ್ ಆ್ಯಪ್‌ಗಳಿಂದ ಬಂದವರಲ್ಲಿ ಹಲವರ ವಿಷಯದಲ್ಲಿ ಅಷ್ಟೂ ತಿಳಿಯುವುದಿಲ್ಲ. ಎಚ್‌ಟಿಟಿಪಿಎಸ್ ಪುಟದಿಂದ ನಿಮ್ಮ ಎಚ್‌ಟಿಟಿಪಿ ಪುಟಕ್ಕೆ ಬಂದರೆ ರೆಫರರ್ ಮಾಯವಾಗುತ್ತದೆ. ಇದಕ್ಕೆ ವಿರುದ್ಧವಾದ ಪೀಡೆಯೊಂದಿದೆ: ಇಲ್ಲದ ಕೊಂಡಿಯನ್ನು ಇದ್ದಂತೆ ತೋರಿಸುವ ಸುಳ್ಳು ರೆಫರರ್‌ಗಳು. ತಾಣದ ಒಡೆಯರು ಕುತೂಹಲದಿಂದ ಆ ವಿಳಾಸವನ್ನು ತೆರೆದು ನೋಡಲಿ ಎಂಬುದೇ ಅವುಗಳ ಹೂಟ. ಹೆಸರೇ ಕೇಳದ ತಾಣವೊಂದು ಒಂದೇ ರಾತ್ರಿಯಲ್ಲಿ ನೂರಾರು ಸಲ ರೆಫರರ್ ಆಗಿ ಕಾಣಿಸಿಕೊಂಡು, ಆ ಭೇಟಿಗಳೆಲ್ಲ ಮುಖಪುಟಕ್ಕೇ ಬಂದು ಅಲ್ಲಿಗೇ ಮುಗಿದಿದ್ದರೆ, ಅದನ್ನು ಒತ್ತಲು ಹೋಗದಿರುವುದೇ ಜಾಣತನ.

ಸಣ್ಣಪುಟ್ಟ ದಾರಿಗಳು

ಹುಡುಕಾಟ ಯಂತ್ರದಲ್ಲಿ ನಿಮ್ಮ ಡೊಮೈನ್ ಹೆಸರನ್ನು ಉದ್ಧರಣ ಚಿಹ್ನೆಗಳ ನಡುವೆ ಬರೆದು, ಇಂಗ್ಲಿಷಿನ ‘ಸೈಟ್’ ಪದದ ಹಿಂದೆ ಕಳೆಯುವ ಚಿಹ್ನೆ, ಮುಂದೆ ಎರಡು ಚುಕ್ಕಿ ಮತ್ತು ನಿಮ್ಮ ವಿಳಾಸ ಇಟ್ಟು ನಿಮ್ಮ ತಾಣವನ್ನು ಹೊರಗಿಟ್ಟರೆ, ಉಳಿದವರು ನಿಮ್ಮ ವಿಳಾಸವನ್ನು ಅಕ್ಷರಗಳಲ್ಲಿ ಬರೆದಿರುವ ಪುಟಗಳು ಬರುತ್ತವೆ. ಪದದ ಹಿಂದೆ ಅಡಗಿರುವ ಕೊಂಡಿ ಇದರಲ್ಲಿ ಸಿಗದು. ಆದರೆ ಹೆಸರನ್ನು ಬರೆದು ಕೊಂಡಿ ಹಾಕಲು ಮರೆತವರು ಸಿಗುತ್ತಾರೆ, ಅವರಿಗೆ ವಿನಯದಿಂದ ಒಂದು ಪತ್ರ ಬರೆದರೆ ಹಲವರು ಕೊಂಡಿ ಹಾಕಿಕೊಡುತ್ತಾರೆ. ಅದೇ ಹುಡುಕಾಟವನ್ನು ಗೂಗಲ್ ಅಲರ್ಟ್ಸ್‌ಗೆ ಕೊಟ್ಟರೆ ಹೊಸ ಪುಟ ಕಂಡಾಗ ಇಮೇಲ್ ಬರುತ್ತದೆ.

ವಿಕಿಪೀಡಿಯದ ವಿಶೇಷ ಪುಟಗಳಲ್ಲಿ ಹೊರಗಿನ ಕೊಂಡಿಗಳನ್ನು ಹುಡುಕುವ ‘ಲಿಂಕ್‌ಸರ್ಚ್’ ಎಂಬ ಪುಟವಿದೆ. ಡೊಮೈನ್ ಹೆಸರಿಗೆ ಮೊದಲು ನಕ್ಷತ್ರ ಚಿಹ್ನೆ ಮತ್ತು ಚುಕ್ಕಿ ಇಟ್ಟು ಹುಡುಕಿದರೆ ಉಪಡೊಮೈನ್‌ಗಳೂ ಸೇರಿ, ಯಾವ ಯಾವ ಲೇಖನಗಳು ನಿಮ್ಮನ್ನು ಉಲ್ಲೇಖಿಸಿವೆ ಎಂಬುದು ತಿಳಿಯುತ್ತದೆ. ಒಂದು ಭಾಷೆಯ ವಿಕಿಪೀಡಿಯದ ಹುಡುಕಾಟ ಇನ್ನೊಂದು ಭಾಷೆಯದನ್ನು ತೋರಿಸುವುದಿಲ್ಲ. ಕನ್ನಡದ್ದನ್ನೂ ಇಂಗ್ಲಿಷಿನದ್ದನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ಕೊಂಡಿ ಕೊಟ್ಟವರೇ ಸುದ್ದಿ ಮುಟ್ಟಿಸುವ ಏರ್ಪಾಡುಗಳನ್ನೂ ಕಾಲಕಾಲಕ್ಕೆ ಮಾಡಿದ್ದಾರೆ. 2002ರಲ್ಲಿ ಬಂದ ಟ್ರ್ಯಾಕ್‌ಬ್ಯಾಕ್ ಮತ್ತು ಪಿಂಗ್‌ಬ್ಯಾಕ್, 2017ರಲ್ಲಿ ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಶಿಫಾರಸು ಮಾಡಿದ ವೆಬ್‌ಮೆನ್ಶನ್ ಆ ಬಗೆಯವು. ವರ್ಡ್‌ಪ್ರೆಸ್‌ನಲ್ಲಿ ಪಿಂಗ್‌ಬ್ಯಾಕ್ ಈಗಲೂ ಇದೆ. ಇವು ಎರಡೂ ಕಡೆಯ ತಾಣಗಳಲ್ಲಿ ಅಳವಟ್ಟಿದ್ದರೆ ಮಾತ್ರ ಕೆಲಸ ಮಾಡುತ್ತವೆ, ಮತ್ತು ಮೊದಲಿನ ಎರಡರ ಮೂಲಕ ಬರುವುದರಲ್ಲಿ ಕಾಳಿಗಿಂತ ಜೊಳ್ಳೇ ಹೆಚ್ಚು.

ಪಟ್ಟಿಗಳನ್ನು ಒಂದುಗೂಡಿಸಿ ತಾಳೆ ನೋಡುವುದು

ಈಗ ಕೈಯಲ್ಲಿ ಮೂರು ನಾಲ್ಕು ಪಟ್ಟಿಗಳಿರುತ್ತವೆ. ಒಂದೇ ಸ್ಪ್ರೆಡ್‌ಶೀಟ್‌ಗೆ ತಂದು, ಕೊಂಡಿ ಇರುವ ಪುಟ, ಅದು ತೋರಿಸುವ ನಿಮ್ಮ ಪುಟ, ಯಾವ ಮೂಲದಿಂದ ತಿಳಿಯಿತು, ನೋಡಿದ ದಿನ ಎಂಬ ನಾಲ್ಕು ಕಂಬಗಳನ್ನು ಮಾಡಿಕೊಳ್ಳಿ. ಕನ್ನಡದ ತಾಣ ನಡೆಸುವವರಿಗೆ ಇಲ್ಲೊಂದು ಎಡರು ಎದುರಾಗುತ್ತದೆ. ವಿಳಾಸದಲ್ಲಿ ಕನ್ನಡ ಅಕ್ಷರಗಳಿದ್ದರೆ ಪಟ್ಟಿಗಳಲ್ಲಿ ಅವು ಶೇಕಡಾ ಚಿಹ್ನೆಗಳ ಸರಮಾಲೆಯಾಗಿ ಕಾಣುತ್ತವೆ. ‘ಕ’ ಎಂಬ ಒಂದೇ ಅಕ್ಷರ, ಕಂಪ್ಯೂಟರ್ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಮೂರು ಬೈಟ್ ತೆಗೆದುಕೊಳ್ಳುತ್ತದೆ. ವಿಳಾಸದಲ್ಲಿ ಪ್ರತಿ ಬೈಟ್‌ಗೂ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಂಕಾಕ್ಷರಗಳು ಬೇಕಾಗಿ ಅದು ಒಂಬತ್ತು ಅಕ್ಷರಗಳಾಗಿ ಹಿಗ್ಗುತ್ತದೆ. ಒಂದು ಪಟ್ಟಿ ಹೀಗೆ, ಇನ್ನೊಂದು ನೇರ ಕನ್ನಡದಲ್ಲಿ ಕೊಟ್ಟಿದ್ದರೆ ಒಂದೇ ವಿಳಾಸ ಎರಡೆಂದು ಎಣಿಕೆಯಾಗುತ್ತದೆ. ಯುಆರ್‌ಎಲ್ ಡಿಕೋಡರ್‌ನಿಂದ ಎಲ್ಲವನ್ನೂ ಒಂದೇ ರೂಪಕ್ಕೆ ತಂದ ಮೇಲೆಯೇ ಪುನರಾವೃತ್ತಿಗಳನ್ನು ತೆಗೆಯಬೇಕು. ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದಾಗ ಕನ್ನಡ ಚಿತ್ರವಿಚಿತ್ರ ಚಿಹ್ನೆಗಳಾಗಿ ಕಂಡರೆ ಫೈಲ್ ಕೆಟ್ಟಿದೆ ಎಂದುಕೊಳ್ಳಬೇಡಿ. ಯುಟಿಎಫ್-8 ಎಂದು ಸೂಚಿಸಿ ಆಮದು ಮಾಡಿಕೊಂಡರೆ ಸರಿಹೋಗುತ್ತದೆ.

ಬಳಿಕ ಮುಖ್ಯವೆನಿಸಿದ ಪುಟಗಳನ್ನು ನೀವೇ ತೆರೆದು ನೋಡಬೇಕು, ಏಕೆಂದರೆ ಕ್ರಾಲರ್ ಕಂಡುಹೋದ ಮೇಲೆ ಕೊಂಡಿಯನ್ನು ಅಳಿಸಿರಬಹುದು. ಪುಟದಲ್ಲಿ ಕೊಂಡಿ ಕಣ್ಣಿಗೆ ಬೀಳದಿದ್ದರೆ ಕಂಟ್ರೋಲ್ ಮತ್ತು ಯು ಕೀಲಿಗಳನ್ನು ಒಟ್ಟಿಗೆ ಒತ್ತಿ ಪುಟದ ಮೂಲವನ್ನು ತೆರೆದು ನಿಮ್ಮ ಡೊಮೈನ್ ಹೆಸರನ್ನು ಹುಡುಕಿ. ಕೊಂಡಿಯ ಟ್ಯಾಗ್‌ನಲ್ಲಿ ‘ನೋಫಾಲೋ’ ಎಂದಿದ್ದರೆ, ಕೊಟ್ಟವರು ಅದಕ್ಕೆ ತಮ್ಮ ಶಿಫಾರಸಿನ ಮುದ್ರೆ ಒತ್ತಿಲ್ಲ ಎಂದು ಹುಡುಕಾಟ ಯಂತ್ರಕ್ಕೆ ಹೇಳಿದಂತೆ. 2005ರಲ್ಲಿ ಬಂದ ಈ ಗುರುತಿನ ಜೊತೆಗೆ 2019ರಲ್ಲಿ ಹಣ ಪಡೆದು ಹಾಕಿದ ಕೊಂಡಿಗೆ ‘ಸ್ಪಾನ್ಸರ್ಡ್’, ಓದುಗರು ಹಾಕಿದ್ದಕ್ಕೆ ‘ಯುಜಿಸಿ’ ಎಂಬ ಗುರುತುಗಳನ್ನು ಗೂಗಲ್ ಸೇರಿಸಿತು. ನೋಫಾಲೋ ಎಂದ ಮಾತ್ರಕ್ಕೆ ಕೊಂಡಿ ವ್ಯರ್ಥವೆಂದು ಪಟ್ಟಿಯಿಂದ ಹೊಡೆದುಹಾಕುವವರನ್ನು ಕಂಡಿದ್ದೇನೆ. ಅದನ್ನು ಒತ್ತಿ ಬರುವ ಓದುಗರಿಗೆ ಆ ಪದ ಕಾಣುವುದೂ ಇಲ್ಲ.

ಇಷ್ಟೆಲ್ಲ ಹುಡುಕಾಟದಲ್ಲಿ ಕೂಡಲೇ ಕೈಗೆ ಹತ್ತುವ ಲಾಭವೆಂದರೆ ಸತ್ತ ಪುಟಗಳತ್ತ ಇರುವ ಜೀವಂತ ಕೊಂಡಿಗಳು. ನಾನು ನೋಡಿಕೊಳ್ಳುತ್ತಿದ್ದ ತಾಣವೊಂದರಲ್ಲಿ ಒಮ್ಮೆ ವಿಳಾಸಗಳ ಮಾದರಿಯನ್ನು ಬದಲಿಸಿ, ವಿಳಾಸದಲ್ಲಿದ್ದ ವರ್ಷ ಮತ್ತು ತಿಂಗಳನ್ನು ತೆಗೆದುಹಾಕಿದ್ದೆ. ಒಳಗಿನ ಕೊಂಡಿಗಳನ್ನೆಲ್ಲ ಸರಿಪಡಿಸಿದ್ದರಿಂದ ಕೆಲಸ ಮುಗಿಯಿತೆಂದೇ ಭಾವಿಸಿದ್ದೆ. ತಿಂಗಳುಗಳ ನಂತರ ಲಾಗ್‌ನಲ್ಲಿ 404 ಸ್ಥಿತಿಸೂಚಿಯ ಸಾಲುಗಳನ್ನಷ್ಟೇ ಬೇರ್ಪಡಿಸಿ ರೆಫರರ್ ನೋಡಿದಾಗ, ಹೊರಗಿನವರು ವರ್ಷಗಳ ಹಿಂದೆ ಕೊಟ್ಟ ಕೊಂಡಿಗಳನ್ನು ಹಿಡಿದು ಬಂದವರು ದಿನವೂ ‘ಪುಟ ಸಿಗಲಿಲ್ಲ’ ಎಂಬ ಫಲಕ ನೋಡಿ ಹಿಂದಿರುಗುತ್ತಿದ್ದುದು ತಿಳಿಯಿತು. ಹೊಸ ಕೊಂಡಿ ಸಂಪಾದಿಸುವುದು ಹೇಗೆಂದು ಆ ಅವಧಿಯಲ್ಲೇ ತಲೆ ಕೆಡಿಸಿಕೊಂಡಿದ್ದೆ ಎಂಬುದು ಬೇರೆ ಮಾತು. ಇಂಥ ಪ್ರತಿ ಹಳೆಯ ವಿಳಾಸದಿಂದ ಅದಕ್ಕೆ ಸಂಬಂಧಪಟ್ಟ ಹೊಸ ಪುಟಕ್ಕೆ 301 ರಿಡೈರೆಕ್ಟ್ (ಶಾಶ್ವತವಾಗಿ ದಾರಿ ತಿರುಗಿಸುವ ಸೂಚನೆ) ಹಾಕಬೇಕು. ಎಲ್ಲವನ್ನೂ ಒಟ್ಟಾಗಿ ಮುಖಪುಟಕ್ಕೆ ತಿರುಗಿಸಿಬಿಡುವುದು ಸುಲಭವಾದರೂ ಬಂದವರಿಗೆ ಬೇಕಾದದ್ದು ಅಲ್ಲಿರುವುದಿಲ್ಲ, ಹುಡುಕಾಟ ಯಂತ್ರವೂ ಅದನ್ನು ಇಲ್ಲದ ಪುಟವೆಂದೇ ಎಣಿಸಬಹುದು.

ಪಟ್ಟಿಯಲ್ಲಿ ಅರ್ಥವಿಲ್ಲದ ತಾಣಗಳೂ ಧಾರಾಳವಾಗಿ ಇರುತ್ತವೆ: ಚಿತ್ರಗಳನ್ನು ಎತ್ತಿಕೊಂಡು ಹಾಕಿದವು, ಸಾವಿರಾರು ಡೊಮೈನ್‌ಗಳ ಹೆಸರು ಪೇರಿಸಿದವು, ಜೂಜಿನವು. ಇವನ್ನು ಕಂಡು ಗಾಬರಿಯಾಗುವವರನ್ನೇ ಗುರಿಯಾಗಿಸಿಕೊಂಡು, ‘ವಿಷಕಾರಿ ಕೊಂಡಿಗಳನ್ನು ತೆಗೆಸಿಕೊಡುತ್ತೇವೆ’ ಎಂದು ಹಣ ಕೇಳುವ ಇಮೇಲ್‌ಗಳು ಬರುತ್ತವೆ. ಬೇಡದ ಕೊಂಡಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ತಿಳಿಸಲು ಗೂಗಲ್ 2012ರಲ್ಲಿ ‘ಡಿಸ್‌ಅವೌ’ ಎಂಬ ಸಾಧನ ಕೊಟ್ಟಿತು. ಹೆಚ್ಚಿನ ತಾಣಗಳಿಗೆ ಅದರ ಅಗತ್ಯ ಬೀಳುವುದಿಲ್ಲ ಎಂದು ಗೂಗಲ್ ತಾನೇ ಹೇಳುತ್ತದೆ. ಬಿಂಗ್ ತನ್ನಲ್ಲಿದ್ದ ಇಂಥದೇ ಸಾಧನವನ್ನು 2023ರಲ್ಲಿ ತೆಗೆದೇಹಾಕಿತು. ಸರ್ಚ್ ಕನ್ಸೋಲ್‌ನ ‘ಮ್ಯಾನ್ಯುಯಲ್ ಆ್ಯಕ್ಷನ್ಸ್’ ಪುಟದಲ್ಲಿ ಕೊಂಡಿಗಳ ಕುರಿತು ಎಚ್ಚರಿಕೆ ಬಂದಿದ್ದರೆ, ಅಥವಾ ಹಿಂದೆ ನೀವೋ ನಿಮ್ಮ ಪರವಾಗಿ ಬೇರೆಯವರೋ ಹಣ ಕೊಟ್ಟು ಕೊಂಡಿ ಹಾಕಿಸಿದ್ದರೆ ಮಾತ್ರ ಅದರ ಗೋಜಿಗೆ ಹೋಗಬೇಕು. ಒಳ್ಳೆಯ ಕೊಂಡಿಗಳನ್ನೂ ತಪ್ಪಾಗಿ ಆ ಪಟ್ಟಿಗೆ ಸೇರಿಸಿ ಕೈ ಸುಟ್ಟುಕೊಳ್ಳುವುದು ಕಷ್ಟವೇನಲ್ಲ.

ಸಾಧಾರಣ ಗಾತ್ರದ ತಾಣಕ್ಕೆ ಮೂರು ತಿಂಗಳಿಗೊಮ್ಮೆ ಈ ಪಟ್ಟಿಗಳನ್ನು ಮತ್ತೆ ಇಳಿಸಿಕೊಂಡರೆ ಸಾಕು. ಲಾಗ್‌ನ ವಿಷಯದಲ್ಲಿ ಮಾತ್ರ ಅಷ್ಟು ಕಾಯುವಂತಿಲ್ಲ. ಹಲವು ಹೋಸ್ಟಿಂಗ್‌ಗಳು ಹಳೆಯ ಲಾಗ್‌ಗಳನ್ನು ಕೆಲವೇ ದಿನ ಅಥವಾ ವಾರಗಳಲ್ಲಿ ಅಳಿಸಿಹಾಕುತ್ತವೆ. ಅವುಗಳನ್ನು ಕಾಪಿಡುವ ಆಯ್ಕೆ ನಿಯಂತ್ರಣ ಫಲಕದಲ್ಲಿ ಇದೆಯೇ ಎಂದು ಇಂದೇ ನೋಡಿ, ಇದ್ದರೆ ಗುರುತು ಹಾಕಿಡಿ.